ರಿಯೋಹಾದಲ್ಲಿ ಗ್ಲಾಸಿಗಿಂತ ಮೊದಲು ತಟ್ಟೆ

ಉತ್ತರ ಸ್ಪೇನಿನ ಬಂದರು ನಗರ ಬಿಲ್ಬಾವೊ ಬಿಡುವಾಗ ಜಿಟಿಜಿಟಿ ಮಳೆ ಇತ್ತು. ಬಸ್ಸು ಬೆಟ್ಟದ ಸಾಲು ದಾಟಿದ್ದೇ ತಡ, ಬಿಸಿಲು ಬಂತು, ಮಣ್ಣಿನ ಬಣ್ಣವೇ ಬದಲಾಯಿತು. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳನ್ನು ಕಾಂತಾಬ್ರಿಯಾ ಬೆಟ್ಟಗಳು ಅಲ್ಲೇ ತಡೆಯುತ್ತವೆ. ಆ ಬೆಟ್ಟಗಳ ಬೆನ್ನಿಗೆ, ಎಬ್ರೋ ನದಿಯ ಎರಡೂ ದಡದಲ್ಲಿ ಹಬ್ಬಿರುವ ದ್ರಾಕ್ಷಿ ಸೀಮೆಯೇ ರಿಯೋಹಾ.

ನಾವು ಇಳಿದದ್ದು ಆರೋ ಎಂಬ ಚಿಕ್ಕ ಊರಲ್ಲಿ. ಇಲ್ಲಿ ಎಲ್ಲರೂ ಹೋಗುವುದು ರೈಲ್ವೆ ಸ್ಟೇಷನ್ ಸುತ್ತಲಿನ ಬಡಾವಣೆಗೆ. ಲೋಪೆಸ್ ದೆ ಎರೆದಿಯಾ, ಕೂನೆ, ಲಾ ರಿಯೋಹಾ ಆಲ್ತಾ, ಮುಗಾ, ಹೀಗೆ ದೊಡ್ಡ ಹೆಸರಿನ ವೈನರಿಗಳೆಲ್ಲ ಕೂಗಳತೆಯಲ್ಲಿವೆ. ಇದಕ್ಕೆ ಕಾರಣ ಒಂದು ಹುಳ. 19ನೇ ಶತಮಾನದಲ್ಲಿ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಕೀಟ ಫ್ರಾನ್ಸಿನ ತೋಟಗಳನ್ನು ಹಾಳು ಮಾಡಿತು. ಅಲ್ಲಿನ ಬೋರ್ಡೋ ಊರಿನ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇತ್ತ ಬಂದರು. ಪೀಪಾಯಿಗಳನ್ನು ರೈಲಿಗೆ ಹತ್ತಿಸಿದರೆ ಸೀದಾ ಬಿಲ್ಬಾವೊದ ಬಂದರಿಗೆ. ಹಾಗಾಗಿ ಹಳಿಯ ಪಕ್ಕದಲ್ಲೇ ನೆಲಮಾಳಿಗೆಗಳು ಎದ್ದವು. ಅದೇ ಹುಳ 1899ರಲ್ಲಿ ಇಲ್ಲಿಗೂ ಬಂತು, ಅದು ಬೇರೆ ಕಥೆ.

ಹಳೆಯ ಶೈಲಿಯ ರಿಯೋಹಾ ಕೆಂಪು ವೈನ್ ಒಂದೇ ದ್ರಾಕ್ಷಿಯದಲ್ಲ, ಮಿಶ್ರಣ. ಬೇಗ ಹಣ್ಣಾಗುವ ತೆಂಪ್ರಾನಿಯೊ ಇದರ ಬೆನ್ನೆಲುಬು. ಪೂರ್ವದ ಬಿಸಿ ಬಯಲಿನಲ್ಲಿ ಚೆನ್ನಾಗಿ ಬರುವ ಗಾರ್ನಾಚಾ ಮೈ ತುಂಬಿಸುತ್ತದೆ, ಮದ್ಯದ ಅಂಶವನ್ನೂ ಏರಿಸುತ್ತದೆ. ಮಾಸುವೆಲೊದಿಂದ ಹುಳಿ ಮತ್ತು ಒಗರು. ಗ್ರಾಸಿಯಾನೊ ಇಳುವರಿ ಕಡಿಮೆ, ತಡವಾಗಿ ಹಣ್ಣಾಗುತ್ತದೆ, ರೈತರಿಗೆ ತಲೆನೋವು. ಆದರೂ ಅದರ ಪರಿಮಳಕ್ಕೆ ಮತ್ತು ಹುಳಿಗೆ ಸ್ವಲ್ಪವಾದರೂ ಸೇರಿಸುತ್ತಾರೆ. ಆಮೇಲೆ 225 ಲೀಟರಿನ ಓಕ್ ಪೀಪಾಯಿ. ಕೆಂಪು ವೈನಿಗೆ ಕ್ರಿಯಾನ್ಸಾ ಅಂತ ಹೆಸರು ಬೀಳಬೇಕಾದರೆ ಕನಿಷ್ಠ 2 ವರ್ಷ ಮಾಗಬೇಕು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ರಿಸೆರ್ವಾಕ್ಕೆ 3 ವರ್ಷ, ಗ್ರಾನ್ ರಿಸೆರ್ವಾಕ್ಕೆ 5.

ದುಬಾರಿ ಬಾಟಲಿ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಯಾವ ಊಟದ ಜೊತೆ ಅಂತ ಕೇಳುವುದು ಜಾಣತನ. ಇದು ಗೊತ್ತಾಗುವುದು ಲೊಗ್ರೊನ್ಯೊ ಪಟ್ಟಣದ ಲಾರೆಲ್ ಬೀದಿಯಲ್ಲಿ. ಸಂಜೆ ಏಳಕ್ಕೆ ಹೋದರೆ ಅಲ್ಲಿ ಅರ್ಧ ಖಾಲಿ, ಒಂಬತ್ತಕ್ಕೆ ಕಾಲಿಡಲು ಜಾಗ ಇಲ್ಲ. ಒಂದೊಂದು ಬಾರ್‌ಗೂ ಒಂದೊಂದು ತಿಂಡಿಯ ಖ್ಯಾತಿ. ಒಂದು ತುತ್ತು, ಒಂದು ಗ್ಲಾಸು, ಮುಂದಿನ ಬಾರು. ಬಾರ್ ಸೊರಿಯಾನೊದಲ್ಲಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಬೆಂದ ಅಣಬೆಗಳನ್ನು ಒಂದರ ಮೇಲೊಂದು ಪೇರಿಸಿ, ತುದಿಗೊಂದು ಸಿಗಡಿ ಚುಚ್ಚಿ ಕೊಡುತ್ತಾರೆ. ಅದಕ್ಕೆ ಕ್ರಿಯಾನ್ಸಾ ಸಾಕು. ಅಣಬೆಯ ಮಣ್ಣಿನ ವಾಸನೆ ಮತ್ತು ವೈನಿನ ಓಕ್ ವಾಸನೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪಕ್ಕದ ಬಾರಿನಲ್ಲಿ ವಿನೆಗರಿನಲ್ಲಿ ನೆನೆಸಿದ ಆಂಚೊವಿ ಮೀನಿಗೆ ಅದೇ ವೈನ್ ಕುಡಿದರೆ ಬಾಯಿ ತುಂಬಾ ಕಬ್ಬಿಣದ ರುಚಿ! ಅಲ್ಲಿನವರು ಅದಕ್ಕೆ ಬಿಳಿ ವೈನನ್ನೇ ಕೇಳುತ್ತಿದ್ದರು. ಆದರೆ ಉಪ್ಪು ಹಾಕಿದ ಕಾಡ್ ಮೀನನ್ನು ಟೊಮೇಟೊ, ಕೆಂಪು ದೊಣ್ಣೆಮೆಣಸಿನ ಜೊತೆ ಬೇಯಿಸುತ್ತಾರಲ್ಲ, ಅದಕ್ಕೆ ಕೆಂಪು ವೈನ್ ಚೆನ್ನಾಗಿ ಒಗ್ಗುತ್ತದೆ.

ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಮತ್ತು ಚೊರಿಸೊ ಸಾಸೇಜಿನ ಸಾರು. ಆಲೂಗಡ್ಡೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಚಾಕು ಅರ್ಧ ಇಳಿಸಿ ಲಟಕ್ ಅಂತ ಮುರಿಯುತ್ತಾರೆ, ಪಿಷ್ಟ ಬಿಟ್ಟುಕೊಂಡು ಸಾರು ಗಟ್ಟಿಯಾಗಲಿ ಅಂತ. ಬಣ್ಣ ನೋಡಿ ಹೆದರಬೇಡಿ. ಅವರ ಒಣಮೆಣಸು ನಮ್ಮ ಬ್ಯಾಡಗಿ ತರಹ, ಬಣ್ಣ ಜಾಸ್ತಿ, ಖಾರ ಕಡಿಮೆ. ನಿಜವಾಗಿ ಖಾರ ಇದ್ದಿದ್ದರೆ ವೈನಿನ ಒಗರು ಮತ್ತು ಮದ್ಯ ಎರಡೂ ನಾಲಿಗೆಗೆ ಉರಿಯುತ್ತಿದ್ದವು.

ರಿಸೆರ್ವಾ ಕೇಳಿದ್ದು ಕುರಿಮರಿಯ ಪುಟ್ಟ ಚಾಪ್ಸ್ ಬಂದಾಗ. ಚಳಿಗಾಲದಲ್ಲಿ ಸವರಿದ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಒಣಗಿಸಿಟ್ಟು, ಅವುಗಳ ಕೆಂಡದ ಮೇಲೆ ಸುಡುತ್ತಾರೆ. ಉಪ್ಪು ಬಿಟ್ಟರೆ ಮಸಾಲೆ ಇಲ್ಲ. ಕೊಬ್ಬು ಒಗರನ್ನು ಮೆದುವಾಗಿಸುತ್ತದೆ, ಹೊಗೆ ಓಕ್ ಜೊತೆ ಸೇರುತ್ತದೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಗಲಿಲ್ಲ. ಗ್ರಾನ್ ರಿಸೆರ್ವಾ ಮಾತ್ರ ಇಂಥ ಊಟದಲ್ಲಿ ಸುಮ್ನೆ ಕಳೆದುಹೋಗುತ್ತದೆ ಅನ್ನಿಸಿತು. ಅಷ್ಟು ವರ್ಷ ಮಾಗಿದ್ದು ತೆಳ್ಳಗಾಗಿ, ನಾಜೂಕಾಗಿ ಇರುತ್ತದೆ. ಅದಕ್ಕೆ ಹಳೆಯ ಚೀಸಿನ ಒಂದು ಚೂರು ಮತ್ತು ಗದ್ದಲವಿಲ್ಲದ ಮೇಜು ಬೇಕು.

ಹೋಗುವುದಾದರೆ ಸೆಪ್ಟೆಂಬರ್ ಕೊನೆ ಒಳ್ಳೆಯದು, ಸುಗ್ಗಿ ನೋಡಬಹುದು. ಲೊಗ್ರೊನ್ಯೊದಲ್ಲಿ 21ರ ಆಸುಪಾಸಿನಲ್ಲಿ ಸಾನ್ ಮಾತೆಯೊ ಹಬ್ಬ ಇರುತ್ತದೆ, ರೂಮು ಮೊದಲೇ ಮಾಡಿಕೊಳ್ಳಿ. ಜೂನ್ 29ಕ್ಕೆ ಆರೋಗೆ ಹೋಗುವವರು ಹಳೆಯ ಬಿಳಿ ಬಟ್ಟೆ ಹಾಕಿಕೊಂಡು ಹೋಗಿ. ಅವತ್ತು ಊರಾಚೆಯ ಬೆಟ್ಟದಲ್ಲಿ ಜನ ವೈನನ್ನು ಕುಡಿಯುವುದಕ್ಕಿಂತ ಒಬ್ಬರ ಮೇಲೊಬ್ಬರು ಎರಚುವುದೇ ಜಾಸ್ತಿ.