ಆಡ್ ಬ್ಲಾಕರ್ ನುಂಗಿದ ನೋಟಿಸು

ರಾತ್ರಿ ಒಂಬತ್ತೂವರೆ. ಆಗಷ್ಟೇ ಊಟಕ್ಕೆ ಕೂತಿದ್ದೆ, ತಿಪಟೂರಿನಿಂದ ಚಿಕ್ಕಮ್ಮನ ಮಗಳ ಫೋನು.

"ಅಣ್ಣ, ಆ ಕಾಲೇಜಿನ ಸೈಟಲ್ಲಿ ಏನೂ ಇಲ್ಲ. ಪೇಜ್ ಪೂರ್ತಿ ಖಾಲಿ. ನನ್ ಫ್ರೆಂಡ್ ನೋಡಿದ್ರೆ, ಅಲ್ಲೇ ಇದೆ ಕಣೇ, ಸರಿಯಾಗಿ ನೋಡು ಅಂತಾಳೆ."

ಅತಿಥಿ ಉಪನ್ಯಾಸಕರ ಕೆಲಸದ ನೋಟಿಸು ಅದು. ಎಂ.ಎಸ್‌ಸಿ. ಮುಗಿಸಿ ಕೂತಿದ್ದಾಳೆ, ಹಾಗಾಗಿ ದಿನಾ ಬೆಳಿಗ್ಗೆ ಒಂದಷ್ಟು ಕಾಲೇಜುಗಳ ಸೈಟ್ ತೆಗೆದು ನೋಡುವುದೇ ಅವಳಿಗೊಂದು ಕೆಲಸ. ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ರಿಫ್ರೆಶ್ ಮಾಡು, ನೆಟ್ ನೋಡು, ಒಂದ್ಸಲ ಆಫ್ ಮಾಡಿ ಆನ್ ಮಾಡು. ಎಲ್ಲಾ ಆಗಿದೆ ಅಂದಳು. ಫೋನಲ್ಲಿ ತೆಗೆದು ನೋಡು ಅಂದೆ. ಒಂದು ನಿಮಿಷ ಸುಮ್ಮನಿದ್ದು, "ಅಯ್ಯೋ, ಫೋನಲ್ಲಿ ಬರ್ತಿದೆ!" ಅಂದಳು.

ಫೋನಲ್ಲಿದೆ, ಲ್ಯಾಪ್‌ಟಾಪಲ್ಲಿಲ್ಲ. ಅಷ್ಟು ಕೇಳಿದ ಕೂಡಲೇ ನನಗೆ ಸ್ವಲ್ಪ ಕಸಿವಿಸಿ ಆಯಿತು. ಯಾಕೆಂದರೆ ಹೋದ ದೀಪಾವಳಿಗೆ ಹೋದಾಗ ಆ ಲ್ಯಾಪ್‌ಟಾಪಿನ ಫೈರ್‌ಫಾಕ್ಸಿಗೆ ಯುಬ್ಲಾಕ್ ಒರಿಜಿನ್ ಅನ್ನುವ ಆಡ್ ಬ್ಲಾಕರ್, ಅಂದರೆ ಜಾಹೀರಾತು ತಡೆಯುವ ಪ್ರೋಗ್ರಾಂ, ಹಾಕಿಕೊಟ್ಟವನು ನಾನೇ. ಯಾವ ಪೇಜ್ ತೆಗೆದರೂ ಮೇಲೆ ಕೆಳಗೆ ಪಕ್ಕದಲ್ಲಿ ಏನೋ ಕುಣಿಯುತ್ತಿತ್ತು, ನೋಡಲಾಗದೆ ಹಾಕಿದ್ದೆ. "ಈಗ ಎಷ್ಟು ಕ್ಲೀನಾಗಿದೆ ನೋಡು" ಅಂತ ಜಂಬ ಬೇರೆ ಕೊಚ್ಚಿದ್ದೆ.

ಗೂಗಲ್ ಮೀಟ್‌ನಲ್ಲಿ ಸ್ಕ್ರೀನ್ ಶೇರ್ ಮಾಡು ಅಂದೆ. ಪೇಜಿನ ಮೇಲ್ಗಡೆ ಕಾಲೇಜಿನ ಹೆಸರು, ಲೋಗೋ, ಕೆಳಗೆ ವಿಳಾಸ, ನಡುವೆ ಬಿಳಿ ಗೋಡೆ. ಆ ಬಿಳಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿಸಿ ಇನ್‌ಸ್ಪೆಕ್ಟ್ ಒತ್ತಿಸಿದೆ. ಪೇಜಿನ ಹಿಂದಿರುವ ಕೋಡ್ ತೆರೆಯಿತು. ನೋಟಿಸು ಅಲ್ಲೇ ಇತ್ತು! ಹುದ್ದೆ, ವಿದ್ಯಾರ್ಹತೆ, ಕೊನೆಯ ದಿನಾಂಕ, ಪಿಡಿಎಫ್ ಲಿಂಕ್ ಎಲ್ಲಾ ಇದ್ದು, ಅದನ್ನೆಲ್ಲ ಸುತ್ತಿಟ್ಟ ಡಬ್ಬಿಗೆ ಕೋಡಿನಲ್ಲಿ ಕೊಟ್ಟ ಗುರುತಿನ ಹೆಸರು (ಕ್ಲಾಸ್) ಮಾತ್ರ 'ಅಡ್ವರ್ಟೈಸ್‌ಮೆಂಟ್' ಅಂತ ಇತ್ತು.

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ನಮ್ಮಲ್ಲಿ ಕೆಲಸ ಖಾಲಿ ಇದೆ ಅಂತ ಹೊರಡಿಸುವ ನೋಟಿಸಿಗೆ ಇಂಗ್ಲಿಷಲ್ಲಿ ಅಡ್ವರ್ಟೈಸ್‌ಮೆಂಟ್ ಅಂತಲೇ ಹೆಸರು. ಕಾಗದದ ತಲೆಯಲ್ಲೇ 'ಜಾಹೀರಾತು ಸಂಖ್ಯೆ' ಅಂತ ಇರುತ್ತದಲ್ಲ, ಅದೇ. ಸೈಟ್ ಮಾಡಿದ ಹುಡುಗ ಅದನ್ನೇ ಡಬ್ಬಿಗೂ ಇಟ್ಟಿದ್ದಾನೆ. ಅವನ ತಪ್ಪೇನೂ ಇಲ್ಲ. ಆಡ್ ಬ್ಲಾಕರ್ ಆ ಹೆಸರು ನೋಡಿ ಬಟ್ಟೆ ಹೊದಿಸಿ ಮಲಗಿಸಿಬಿಟ್ಟಿದೆ.

ಆಡ್ ಬ್ಲಾಕರ್‌ಗೆ ಓದಲು ಬರುವುದಿಲ್ಲ. ಸೋಪಿನ ಜಾಹೀರಾತು ಯಾವುದು, ಕೆಲಸದ ಜಾಹೀರಾತು ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಅದರ ಹತ್ತಿರ ಇರುವುದು ಒಂದು ಪಟ್ಟಿ. ಈಸಿಲಿಸ್ಟ್ ಅಂತ ಬಹಳ ಹಳೇ ಪಟ್ಟಿಯೊಂದಿದೆ, ಹತ್ತಾರು ಸಾವಿರ ಸಾಲು, ಹೆಚ್ಚಿನ ಆಡ್ ಬ್ಲಾಕರ್‌ಗಳು ಅದನ್ನೇ ನೆಚ್ಚಿಕೊಂಡಿವೆ. ಪಟ್ಟಿಯಲ್ಲಿರುವ ವಿಳಾಸದಿಂದ ಏನಾದರೂ ಬರುತ್ತಿದ್ದರೆ ಬಾಗಿಲಲ್ಲೇ ತಡೆಯುವುದು ಒಂದು ಕೆಲಸ. ಪೇಜಿನೊಳಗೆ ಪಟ್ಟಿಯಲ್ಲಿರುವ ಹೆಸರಿನ ಡಬ್ಬಿ ಕಂಡರೆ ಮುಚ್ಚಿಡುವುದು ಇನ್ನೊಂದು. ನಮ್ಮ ಹುಡುಗಿಗೆ ಆಗಿದ್ದು ಈ ಎರಡನೆಯದು.

ತಮಾಷೆ ಅಂದರೆ, "ದಯವಿಟ್ಟು ಆಡ್ ಬ್ಲಾಕರ್ ಆಫ್ ಮಾಡಿ" ಅಂತ ಅಡ್ಡ ನಿಲ್ಲುವ ಸೈಟುಗಳೂ ಈ ಕುರುಡುತನವನ್ನೇ ಬಳಸಿಕೊಳ್ಳುತ್ತವೆ. ಪೇಜಿನ ಮೂಲೆಯಲ್ಲಿ ಜಾಹೀರಾತಿನ ಹೆಸರಿಟ್ಟ ಒಂದು ಖಾಲಿ ಡಬ್ಬಿ ಇಡುತ್ತವೆ, ಗಾಳಕ್ಕೆ ಎರೆಹುಳು ಸಿಕ್ಕಿಸಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಆ ಡಬ್ಬಿಯ ಎತ್ತರ ಅಳೆಯುತ್ತವೆ. ಸೊನ್ನೆ ಬಂದರೆ ಯಾರೋ ಮುಚ್ಚಿದ್ದಾರೆ ಅಂತ ಅರ್ಥ, ಸಿಕ್ಕಿಬಿದ್ದಿರಿ.

ಸರಿ, ಆಫ್ ಮಾಡುವುದು ಹೇಗೆ? ಇದನ್ನ ಅವಳಿಗೆ ಫೋನಲ್ಲಿ ಹೇಳುವಷ್ಟರಲ್ಲಿ ನನ್ನ ಸಾರು ಆರಿಹೋಗಿತ್ತು, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಮುಂದಿನ ಸಲ ಯಾರಾದರೂ ಕೇಳಿದರೆ ಲಿಂಕ್ ಕಳಿಸಿಬಿಡಬಹುದು.

ಯುಬ್ಲಾಕ್ ಒರಿಜಿನ್ ಆದರೆ ಬ್ರೌಸರಿನ ಬಲಗಡೆ ಮೇಲೆ ಕೆಂಪು ಗುರಾಣಿಯ ಚಿಕ್ಕ ಐಕಾನ್ ಇರುತ್ತದೆ. ಕಾಣಿಸದಿದ್ದರೆ ಪಜಲ್ ತುಂಡಿನ ಹಾಗಿರುವ ಬಟನ್ ಒತ್ತಿ, ಅದರೊಳಗೆ ಅಡಗಿರುತ್ತದೆ. ಅದನ್ನ ಒತ್ತಿದರೆ ದೊಡ್ಡ ನೀಲಿ ಪವರ್ ಬಟನ್. ಅದನ್ನ ಒಂದ್ಸಲ ಒತ್ತಿ, ಬಣ್ಣ ಹೋಗುತ್ತದೆ, ಆಮೇಲೆ ಪಕ್ಕದಲ್ಲಿ ಬರುವ ರಿಲೋಡ್ ಗುರುತು ಒತ್ತಿ. ಬಹಳ ಜನ ಈ ರಿಲೋಡ್ ಮರೆತು "ಆಫ್ ಮಾಡಿದ್ರೂ ಬರ್ತಿಲ್ಲ" ಅಂತಾರೆ. ಹೀಗೆ ಮಾಡಿದರೆ ಆಫ್ ಆಗುವುದು ಆ ಸೈಟಿಗೆ ಮಾತ್ರ. ಉಳಿದ ಕಡೆ ಅದರ ಪಾಡಿಗೆ ಅದು ಕೆಲಸ ಮಾಡುತ್ತಿರುತ್ತದೆ, ಮುಂದಿನ ಸಲ ಅದೇ ಸೈಟಿಗೆ ಬಂದಾಗ ನೆನಪೂ ಇಟ್ಟುಕೊಂಡಿರುತ್ತದೆ. ಕಂಟ್ರೋಲ್ ಹಿಡಿದು ಒತ್ತಿದರೆ ಆ ಒಂದು ಪೇಜಿಗೆ ಮಾತ್ರ ಆಫ್.

ಕ್ರೋಮ್ ಇರುವವರಿಗೆ ಈಗ ಹಳೇ ಯುಬ್ಲಾಕ್ ನಡೆಯುವುದಿಲ್ಲ. ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಇಂಥ ಚಿಕ್ಕ ಪ್ರೋಗ್ರಾಂಗಳ, ನಿಯಮ ಬದಲಾಯಿಸಿ ಗೂಗಲ್‌ನವರು 2025ರಲ್ಲಿ ಅದನ್ನ ಆಫ್ ಮಾಡಿಸಿದರು. ಅದರ ಬದಲು ಯುಬ್ಲಾಕ್ ಒರಿಜಿನ್ ಲೈಟ್ ಅಂತೊಂದಿದೆ. ಅದರಲ್ಲಿ ಪವರ್ ಬಟನ್ ಬದಲು ಜಾರಿಸುವ ಪಟ್ಟಿ, ಪೂರ್ತಿ ಎಡಕ್ಕೆ ಎಳೆದರೆ ಆ ಸೈಟಿಗೆ ತಡೆ ಇಲ್ಲ. ಆಡ್‌ಬ್ಲಾಕ್ ಪ್ಲಸ್‌ನಲ್ಲಿ ಐಕಾನ್ ಒತ್ತಿದರೆ 'ದಿಸ್ ವೆಬ್‌ಸೈಟ್' ಅಂತ ಸ್ವಿಚ್ ಇರುತ್ತದೆ. ಬ್ರೇವ್ ಅನ್ನುವ ಬ್ರೌಸರಿನಲ್ಲಿ ಏನೂ ಹಾಕಿಕೊಳ್ಳದೆಯೇ ಬ್ಲಾಕರ್ ಒಳಗೇ ಬಂದಿರುತ್ತದೆ, ವಿಳಾಸದ ಪಕ್ಕ ಸಿಂಹದ ಮುಖ ಇದೆಯಲ್ಲ, ಅದನ್ನ ಒತ್ತಿ ಶೀಲ್ಡ್ಸ್ ಇಳಿಸಬೇಕು.

ಯುಬ್ಲಾಕ್ ಒರಿಜಿನ್‌ನಲ್ಲಿ ನನಗೆ ಇಷ್ಟವಾದ ಇನ್ನೊಂದಿದೆ, ಐಕಾನ್ ಒತ್ತಿದಾಗ ತೆರೆಯುವ ಚಿಕ್ಕ ಕಿಟಕಿಯಲ್ಲಿ ಕೆಳಗೆ 'ಮೋರ್' ಒತ್ತಿದರೆ ಬರುವ ಕಣ್ಣಿನ ಗುರುತು. ಅದನ್ನ ಒತ್ತಿದರೆ ಡಬ್ಬಿ ಮುಚ್ಚಿಡುವ ಕೆಲಸ ಮಾತ್ರ ನಿಲ್ಲುತ್ತದೆ, ಬಾಗಿಲು ಕಾಯುವುದು ನಿಲ್ಲುವುದಿಲ್ಲ. ನಮ್ಮ ನೋಟಿಸಿಗೆ ಅಷ್ಟೇ ಸಾಕಾಗಿತ್ತು. ಆದರೆ ರಾತ್ರಿ ಹತ್ತು ಗಂಟೆಗೆ, ಕೊನೆಯ ದಿನಾಂಕದ ಟೆನ್ಶನ್‌ನಲ್ಲಿರುವವಳಿಗೆ ಕಣ್ಣು, ಬಾಗಿಲು ಅಂತ ಹೇಳಿಕೊಂಡು ಕೂರುವುದಕ್ಕೆ ಆಗುತ್ತಾ? ಪವರ್ ಬಟನ್ ಒತ್ತು ಅಂದೆ. ಒತ್ತಿದಳು. ನೋಟಿಸು ಬಂತು.

ಬ್ಲಾಕರ್ ತಪ್ಪೋ ಸೈಟಿನ ತಪ್ಪೋ ಅಂತ ಡೌಟ್ ಬಂದಾಗ ಸುಲಭದ ದಾರಿ ಒಂದಿದೆ. ಪ್ರೈವೇಟ್ ಅಥವಾ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ಪೇಜ್ ತೆಗೆಯಿರಿ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ. ಅಲ್ಲಿ ಕಾಣಿಸಿ ಇಲ್ಲಿ ಕಾಣಿಸದಿದ್ದರೆ ನಿಮ್ಮ ಎಕ್ಸ್‌ಟೆನ್ಶನ್ ಮೇಲೇ ಗುಮಾನಿ ಪಡಬೇಕು. ಬ್ರೇವ್‌ಗೆ ಈ ಉಪಾಯ ನಡೆಯಲ್ಲ, ಸಿಂಹ ಅಲ್ಲೂ ಕೂತಿರುತ್ತದೆ.

ಇನ್ನೊಂದು ಗೊಂದಲ. ಫೀಸ್ ಕಟ್ಟುವ ಸೈಟುಗಳಲ್ಲಿ 'ಪಾಪ್-ಅಪ್ ಬ್ಲಾಕರ್ ಆಫ್ ಮಾಡಿ' ಅಂತ ಬರೆದಿರುತ್ತದೆ. ಅದನ್ನ ನೋಡಿ ಜನ ಆಡ್ ಬ್ಲಾಕರ್ ಕಿತ್ತುಹಾಕುತ್ತಾರೆ, ಆಮೇಲೂ ರಸೀದಿ ಬರುವುದಿಲ್ಲ. ಅದು ಬೇರೆ, ಇದು ಬೇರೆ. ಪಾಪ್-ಅಪ್ ತಡೆಯುವುದು ಬ್ರೌಸರೇ. ತಡೆದಾಗ ಕ್ರೋಮ್ ವಿಳಾಸದ ಸಾಲಿನ ಬಲ ತುದಿಯಲ್ಲಿ ಚಿಕ್ಕ ಗುರುತು ತೋರಿಸುತ್ತದೆ, ಫೈರ್‌ಫಾಕ್ಸ್ ಮೇಲೆ ಒಂದು ಪಟ್ಟಿ ತೋರಿಸುತ್ತದೆ, ಅದನ್ನ ಒತ್ತಿ ಅನುಮತಿ ಕೊಟ್ಟರೆ ಮುಗಿಯಿತು. ಪಾಪ್-ಅಪ್ ಜಾಹೀರಾತಿನ ಕೋಡ್ ಬರೆದ ಈಥನ್ ಝುಕರ್‌ಮನ್ ಅನ್ನುವವರು 2014ರಲ್ಲಿ ಅದಕ್ಕೆ ಕ್ಷಮೆ ಕೇಳಿದರು. ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು, ಅದರಲ್ಲಿ ಅರ್ಧ ಹೊತ್ತು ಬೇಡದ ಕಿಟಕಿಗಳನ್ನ ಮುಚ್ಚುತ್ತಾ ಕೂತವನು ನಾನು. ಕ್ಷಮಿಸಿದ್ದೇನೆ ಅಂತ ಖಂಡಿತ ಹೇಳಲಾರೆ.

ಫೋನಿನ ಕಥೆ ಬೇರೆ. ಆಂಡ್ರಾಯ್ಡ್‌ನ ಕ್ರೋಮಿಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ, ಅದಕ್ಕೇ ಅವಳ ಫೋನಲ್ಲಿ ನೋಟಿಸು ಕಂಡಿದ್ದು. ಆದರೆ ಕೆಲವರು ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅನ್ನುವ ಕಡೆ ಜಾಹೀರಾತು ತಡೆಯುವ ಆಡ್‌ಗಾರ್ಡ್‌ನ ವಿಳಾಸ ಹಾಕಿಕೊಂಡಿರುತ್ತಾರೆ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಅದು ಯಾವ ಸರ್ವರಿನಲ್ಲಿದೆ ಅಂತ ಹುಡುಕಿಕೊಡುವ ವ್ಯವಸ್ಥೆ. ನಾನೂ ಹಾಕಿದ್ದೆ, ಹಾಕಿದ್ದು ಮರೆತೂ ಹೋಗಿತ್ತು. ಒಂದ್ಸಲ ಮೇಲ್‌ನಲ್ಲಿ ಬಂದ ಟಿಕೆಟಿನ ಲಿಂಕ್ ಎಷ್ಟು ಒತ್ತಿದರೂ ತೆರೆಯಲಿಲ್ಲ. ಎಷ್ಟು ಜನ ಒತ್ತಿದರು ಅಂತ ಲೆಕ್ಕ ಇಡುವ ಇನ್ನೊಂದು ಸರ್ವರ್ ಸುತ್ತಿಕೊಂಡು ಹೋಗುವ ಲಿಂಕ್ ಅದು, ಆ ಸರ್ವರ್‌ಗೇ ಡಿಎನ್‌ಎಸ್ ಬಾಗಿಲು ಹಾಕಿತ್ತು. ಇಲ್ಲಿ ಸೈಟಿಗೊಂದು ಸ್ವಿಚ್ ಅಂತೇನಿಲ್ಲ. ಸೆಟ್ಟಿಂಗ್ಸ್‌ಗೇ ಹೋಗಿ ಪ್ರೈವೇಟ್ ಡಿಎನ್‌ಎಸ್ ಆಟೊಮ್ಯಾಟಿಕ್‌ಗೆ ತರಬೇಕು, ಕೆಲಸ ಆದಮೇಲೆ ಮತ್ತೆ ಹಾಕಬೇಕು.

ಹಾಗಾದರೆ ನಾನು ಯಾರಿಗೆ ಆಫ್ ಮಾಡುತ್ತೇನೆ? ಒಬ್ಬರೇ ಕೂತು ಬರೆಯುವ ಅಡುಗೆ ಸೈಟು, ಊರಿನ ಸುದ್ದಿ ಹಾಕುವ ಚಿಕ್ಕ ಸೈಟು ಇಂಥವಕ್ಕೆ ಕೇಳದಿದ್ದರೂ ಆಫ್ ಮಾಡುತ್ತೇನೆ. ಪಕ್ಕದಲ್ಲಿ ಎರಡು ಜಾಹೀರಾತು ಇದ್ದರೆ ನನ್ನ ಗಂಟೇನು ಹೋಗುತ್ತೆ? ಅವರ ಹೋಸ್ಟಿಂಗ್ ಖರ್ಚಿಗೆ ಅಷ್ಟಾದರೂ ಆಗಲಿ. ಆದರೆ ಆಫ್ ಮಾಡಿದ ಮೇಲೆ ಸುದ್ದಿಯ ಎರಡು ಸಾಲು, ಜಾಹೀರಾತು, ಮತ್ತೆ ಒಂದು ಸಾಲು, ವಿಡಿಯೋ ತಾನಾಗಿ ಕಿರುಚುವುದು, ಅದನ್ನ ಮುಚ್ಚುವ ಗುಣಿಸು ಗುರುತು ಸಾಸಿವೆ ಕಾಳಿನಷ್ಟು, ಇಂಥ ಕಡೆ ಒಂದು ಸಲ ಆಫ್ ಮಾಡಿದ್ದನ್ನ ಹತ್ತು ಸೆಕೆಂಡಿನಲ್ಲಿ ಮತ್ತೆ ಆನ್ ಮಾಡಿದ್ದೇನೆ. ಸುದ್ದಿ ಬೇರೆ ಕಡೆಯೂ ಸಿಗುತ್ತೆ, ಅಲ್ವಾ?

ಭಾನುವಾರ ತಿಪಟೂರಿಗೆ ಹೋಗುವ ಕೆಲಸ ಇತ್ತು. ಲ್ಯಾಪ್‌ಟಾಪ್ ನೋಡಿದರೆ ಬಲಗಡೆ ಕೆಳಗೆ ಒಂದರ ಹಿಂದೆ ಒಂದು ಸಂದೇಶ ಏಳುತ್ತಿದೆ, "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್" ಅಂತ ಇಂಗ್ಲಿಷಲ್ಲಿ. ಆವತ್ತು ರಾತ್ರಿ ಫೋನ್ ಇಟ್ಟಮೇಲೆ ಅವಳು ಸಿಟ್ಟಲ್ಲಿ ಯುಬ್ಲಾಕನ್ನೇ ಕಿತ್ತು ಬಿಸಾಕಿದ್ದಳಂತೆ. ಆಮೇಲೆ ಹಳೇ ಪ್ರಶ್ನೆಪತ್ರಿಕೆ ಹುಡುಕಲು ಯಾವುದೋ ಪಿಡಿಎಫ್ ಸೈಟಿಗೆ ಹೋಗಿದ್ದಾಳೆ. ಅಲ್ಲಿ ಮೂರು ಡೌನ್‌ಲೋಡ್ ಬಟನ್, ಅದರಲ್ಲಿ ಎರಡು ಜಾಹೀರಾತು. ದೊಡ್ಡದಾಗಿ, ಹಸಿರಾಗಿ ಇರುವುದೇ ಸುಳ್ಳು ಬಟನ್ ಅಂತ ನಮಗೆ ಗೊತ್ತು, ಎಷ್ಟು ಸಲ ಮೋಸ ಹೋಗಿ ಕಲಿತಿದ್ದೇವೆ. ಅವಳಿಗೆ ದೀಪಾವಳಿಯಿಂದ ಅಂಥದ್ದೊಂದು ಕಂಡೇ ಇರಲಿಲ್ಲ. ಒತ್ತಿದ್ದಾಳೆ, 'ಅಲೋ' ಒತ್ತಿ ಅನುಮತಿ ಕೊಡಿ ಅಂದಿದೆ, ಕೊಟ್ಟಿದ್ದಾಳೆ. ವೈರಸ್ ಏನೂ ಇರಲಿಲ್ಲ, ಅವೆಲ್ಲ ಆ ಸೈಟಿನ ನೋಟಿಫಿಕೇಶನ್‌ಗಳು. ಸೆಟ್ಟಿಂಗ್ಸ್, ಪ್ರೈವೆಸಿ, ಪರ್ಮಿಶನ್ಸ್, ನೋಟಿಫಿಕೇಶನ್ಸ್ ಅಂತ ಹೋಗಿ ಆ ಹೆಸರು ತೆಗೆದುಹಾಕಿದೆ, ನಿಂತಿತು.

ಯುಬ್ಲಾಕ್ ಮತ್ತೆ ಹಾಕಲು ಹೊರಟಾಗ ಅವಳು ನನ್ನ ಕೈ ತಡೆದಳು.

"ಅಣ್ಣ, ಆ ಒಂದು ನೋಟಿಸು ಫ್ರೆಂಡ್ ಹೇಳಿದ್ಳು ಅಂತ ಗೊತ್ತಾಯ್ತು. ದೀಪಾವಳಿಯಿಂದ ಇನ್ನೆಷ್ಟು ನುಂಗಿದೆಯೋ?"

ಇದನ್ನ ನಾನು ಯೋಚಿಸಿಯೇ ಇರಲಿಲ್ಲ. ಅವಳು ಬುಕ್‌ಮಾರ್ಕ್ ಮಾಡಿಟ್ಟಿದ್ದ ಹನ್ನೊಂದು ಸೈಟುಗಳನ್ನೂ ಬ್ಲಾಕರ್ ಇಲ್ಲದೆ ಒಂದೊಂದಾಗಿ ತೆಗೆದೆವು. ಒಂಬತ್ತರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಎರಡರಲ್ಲಿ ಅವಳು ಯಾವತ್ತೂ ನೋಡಿರದ ಒಂದೊಂದು ಡಬ್ಬಿ ಇತ್ತು. ಒಂದರಲ್ಲಿ ಗುಮಾಸ್ತರ ಕೆಲಸ, ಅದು ಅವಳಿಗೆ ಬೇಡ. ಇನ್ನೊಂದರಲ್ಲಿ ಅವಳದೇ ವಿಷಯ, ಒಂದು ಹುದ್ದೆ. ಕೊನೆಯ ದಿನಾಂಕ ಕಳೆದು ಹನ್ನೆರಡು ದಿನ ಆಗಿತ್ತು.

ಅವಳು ಏನೂ ಅನ್ನಲಿಲ್ಲ. ನಾನು ಯುಬ್ಲಾಕ್ ಹಾಕಿ, ಹನ್ನೊಂದು ಸೈಟಿಗೂ ಹೋಗಿ ಪವರ್ ಬಟನ್ ಆಫ್ ಮಾಡಿ, ಪ್ರತಿಯೊಂದನ್ನೂ ರಿಲೋಡ್ ಮಾಡಿ ನೋಡಿದೆ. ಅಡುಗೆಮನೆಯಿಂದ ಚಿಕ್ಕಮ್ಮ, "ಸರಿ ಹೋಯ್ತೇನೋ?" ಅಂತ ಕೂಗಿದರು.

"ಹ್ಞೂಂ ಚಿಕ್ಕಮ್ಮ, ಹೋಯ್ತು" ಅಂದೆ.