ಪ್ರಿಸೀಸನ್ ಅಂಕಪಟ್ಟಿ, ಎರಡನೇ ಆವೃತ್ತಿ: ಗುಣಕ ತಿರುಗಿಸಿದ್ದು ಏಕೆ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸೀಸನ್‌ಗೆ ಮುಂಚಿನ ತಯಾರಿ ಪಂದ್ಯಗಳೇ ಪ್ರಿಸೀಸನ್. ಅದರ ಮೊದಲ ಪಂದ್ಯದಲ್ಲಿ ಆಡಿದವರಿಗೆ ಅಂಕ ಹಾಕಿ ಮುಗಿಯಿತು. ಎನ್‌ಎಫ್‌ಎಲ್ ಪಂದ್ಯದಲ್ಲಿ ಒಂದು ತಂಡಕ್ಕೆ ಆಕ್ರಮಣದಲ್ಲಿ 65ರ ಆಸುಪಾಸು ಸ್ನ್ಯಾಪ್ (ಬಾಲ್ ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಆಟದ ತುಣುಕು), ರಕ್ಷಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ, ಬಾಲ್ ಒದೆಯುವ ಹೊತ್ತಿಗೆ ಇಳಿಯುವ ಸ್ಪೆಷಲ್ ಟೀಮ್ಸ್‌ಗೆ 25ರಷ್ಟು. ಸ್ನ್ಯಾಪ್‌ಗೆ 11 ಜನರಂತೆ ಸುಮಾರು 1,700 ನಮೂದು. ಇಷ್ಟೆಲ್ಲ ತುಂಬಿ ಕ್ರಮಾಂಕ ತೆಗೆದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ, ಅಂದರೆ ದುರ್ಬಲ ಎದುರಾಳಿಗಳ ಮುಂದೆ, ಇಳಿದವರೇ ಪಟ್ಟಿಯ ಮೇಲ್ತುದಿಯಲ್ಲಿ ಕೂತಿದ್ದರು. ನಮೂದುಗಳಲ್ಲಿ ದೋಷವಿರಲಿಲ್ಲ, ಲೆಕ್ಕದಲ್ಲಿತ್ತು. ಅದನ್ನು ಹುಡುಕಿ ಸರಿಪಡಿಸಿದ್ದೇ ಈ ವಾರದ ದೊಡ್ಡ ಕೆಲಸ. ಆಟಗಾರರ ಹೆಸರು ಇಲ್ಲಿ ಹಾಕಿಲ್ಲ. ಒಂದೇ ಪಂದ್ಯದ ಅಂಕ ಹೆಸರಿನ ಜತೆ ಹೊರಬಿದ್ದರೆ ತೀರ್ಪಾಗಿಬಿಡುತ್ತದೆ.

ಅಂಕ ಹಾಕುವ ಬಗೆ

ಪ್ರತಿ ಸ್ನ್ಯಾಪ್‌ಗೆ ನಾಲ್ಕೇ ಗುರುತು: +1, 0, −1, ಮತ್ತು ಪ್ರಶ್ನಾರ್ಥಕ. ತನ್ನ ಪಾಲಿನ ಕೆಲಸ ಮಾಡಿದವನಿಗೆ 0. ಆಟಗಾರರಿಗೆ ಅಂಕ ಹಾಕುವ ಪ್ರೊ ಫುಟ್‌ಬಾಲ್ ಫೋಕಸ್ ಸಂಸ್ಥೆಯವರು −2ರಿಂದ +2ರ ತನಕ ಅರ್ಧರ್ಧ ಅಂಕದ ಹೆಜ್ಜೆ ಇಡುತ್ತಾರೆ. ಅಷ್ಟು ಸೂಕ್ಷ್ಮಕ್ಕೆ ಹೋದರೆ ಒಬ್ಬರೇ ಕೂತು ಹಾಕಿದ ಅಂಕ ಬೆಳಗ್ಗೆ ಒಂದು, ಸಂಜೆ ಒಂದು ಆಗುತ್ತದೆ. ಮೂರು ಮಟ್ಟ ಸಾಕು.

ಪ್ರಶ್ನಾರ್ಥಕ ಬಹಳ ಮುಖ್ಯ. ಕವರೇಜ್ (ಕಾವಲು) ಒಡೆದು, ಪಾಸ್ ಹಿಡಿಯುವ ರಿಸೀವರ್ ಒಂಟಿಯಾಗಿ ಓಡಿದಾಗ ತಪ್ಪು ಅವನನ್ನು ಕಾಯುವ ಕಾರ್ನರ್‌ಬ್ಯಾಕ್‌ನದೋ ಹಿಂದೆ ನಿಲ್ಲುವ ಸೇಫ್ಟಿಯದೋ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ, ಏಕೆಂದರೆ ಕರೆದ ಪ್ಲೇ (ಆ ಸ್ನ್ಯಾಪ್‌ನ ಯೋಜನೆ) ಏನೆಂದು ಗೊತ್ತಿರುವುದಿಲ್ಲ. ಹತ್ತಿರ ನಿಂತವನ ತಲೆಗೆ ಕಟ್ಟುವುದು ಸುಲಭ, ಅದನ್ನು ಮಾಡಬೇಡಿ. ಪ್ರಶ್ನಾರ್ಥಕ ಬಿದ್ದ ಸ್ನ್ಯಾಪ್ ಸರಾಸರಿಯಿಂದ ಹೊರಗೆ.

ಇನ್ನೊಂದು ತೊಡಕು ಜೆರ್ಸಿ ಸಂಖ್ಯೆ. ಪ್ರಿಸೀಸನ್‌ನಲ್ಲಿ ಪಟ್ಟಿ 90 ಜನರದ್ದು, ಹಾಗಾಗಿ ಆಕ್ರಮಣದ ಒಬ್ಬ, ರಕ್ಷಣೆಯ ಒಬ್ಬ ಒಂದೇ ಸಂಖ್ಯೆ ತೊಟ್ಟಿರುವುದುಂಟು. ಆಕ್ರಮಣ, ರಕ್ಷಣೆಯ ಹಾಳೆಗಳಲ್ಲಿ ಇದರಿಂದ ತೊಂದರೆಯಿಲ್ಲ. ಬಾಲನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್ ತಂಡಕ್ಕೆ ಬಂದಾಗ ಇಬ್ಬರಲ್ಲಿ ಯಾರು ಎಂದು ಮೈಕಟ್ಟು ನೋಡಿಯೇ ಹೇಳಬೇಕು. ಮೊದಲ ಸುತ್ತಿನಲ್ಲಿ ರಕ್ಷಣೆಯ ಲೈನ್‌ಬ್ಯಾಕರ್ ಒಬ್ಬ ಎದುರಾಳಿಯನ್ನು ಕೆಡವಿದ್ದು ಆಕ್ರಮಣದ ರನ್ನಿಂಗ್ ಬ್ಯಾಕ್‌ನ ಖಾತೆಗೆ ಜಮೆಯಾಗಿತ್ತು. ಈಗ ಹಾಳೆಯಲ್ಲಿ ಸಂಖ್ಯೆಯ ಮುಂದೆ ಸ್ಥಾನದ ಗುರುತೂ ಕಡ್ಡಾಯ.

ಎದುರಿಗೆ ಯಾರಿದ್ದರು

ಎದುರಾಳಿಯನ್ನು ಮೂರು ಪಂಕ್ತಿಗಳಾಗಿ ಭಾಗಿಸಿದ್ದೇವೆ: ಸ್ಟಾರ್ಟರ್‌ಗಳು, ಅವರ ಬದಲಿಗಳು, ಪಟ್ಟಿಯ ಅಂಚಿನವರು. ಕ್ವಾರ್ಟರ್ ನೋಡಿ ಪಂಕ್ತಿ ಹಾಕಿದರೆ ಕೆಡುತ್ತದೆ. ಸ್ಟಾರ್ಟರ್‌ಗಳು ಒಟ್ಟಿಗೆ ಹೊರಬರುವುದಿಲ್ಲ, ಕೆಲವರು ಆಡುವುದೇ ಇಲ್ಲ. ತಂಡಗಳು ಆಗಸ್ಟ್‌ನಲ್ಲಿ ಹೊರಬಿಡುವ ಅನಧಿಕೃತ ಡೆಪ್ತ್ ಚಾರ್ಟನ್ನೂ (ಪ್ರತಿ ಸ್ಥಾನಕ್ಕೆ ಯಾರು ಮೊದಲು, ಯಾರು ಬದಲಿ ಎಂಬ ಪಟ್ಟಿ) ನೆಚ್ಚುವಂತಿಲ್ಲ. ಹೊಸಬರನ್ನು ಹಿರಿತನದ ಲೆಕ್ಕದಲ್ಲಿ ಕೊನೆಗೆ ತಳ್ಳಿರುತ್ತಾರೆ. ಹೋದ ವರ್ಷ ಆ ಆಟಗಾರ ಆಡಿದ ಸ್ನ್ಯಾಪ್‌ಗಳು, ಈ ಪಂದ್ಯದಲ್ಲಿ ಅವನು ಯಾರ ಪಕ್ಕದಲ್ಲಿ ಇಳಿದ ಎಂಬುದು, ಇವೆರಡರಿಂದ ಪಂಕ್ತಿ ನಿರ್ಧಾರ.

ಮೊದಲ ಆವೃತ್ತಿಯಲ್ಲಿ ಗುಣಕ ಹೀಗಿತ್ತು: ಮೊದಲ ಪಂಕ್ತಿಯ ಎದುರು 1.0, ಎರಡನೆಯದಕ್ಕೆ 0.7, ಮೂರನೆಯದಕ್ಕೆ 0.4. ನೋಡಲು ನ್ಯಾಯವಾಗಿಯೇ ಇದೆ. ಆದರೆ ಅದೇ ಗುಣಕ ಮೈನಸ್‌ಗೂ ಬೀಳುತ್ತಿತ್ತು. ಅಂದರೆ ಮೂರನೇ ಪಂಕ್ತಿಯವನ ಕೈಲಿ ಸೋತರೆ ದಂಡ ಬರೀ 0.4, ಸ್ಟಾರ್ಟರ್ ಎದುರು ಸೋತರೆ ಪೂರ್ತಿ 1. ಆಗಬೇಕಾದದ್ದು ಉಲ್ಟಾ. ಈಗ ಪ್ಲಸ್‌ಗೆ 1.0, 0.7, 0.4, ಮೈನಸ್‌ಗೆ 0.4, 0.7, 1.0.

ವ್ಯತ್ಯಾಸ ಎಷ್ಟೆಂದು ಒಂದು ಉದಾಹರಣೆ ಲೆಕ್ಕದಲ್ಲಿ ನೋಡಿ. ಆಕ್ರಮಣದ ಮುಂಸಾಲಿನ ತುದಿಯಲ್ಲಿ ನಿಲ್ಲುವ ಇಬ್ಬರು ಟ್ಯಾಕಲ್‌ಗಳು, ಇಬ್ಬರಿಗೂ 22 ಸ್ನ್ಯಾಪ್. ‘ಅ’ ಮೂರನೇ ಪಂಕ್ತಿಯ ಎದುರು 6 ಪ್ಲಸ್, 2 ಮೈನಸ್. ‘ಆ’ ಮೊದಲ ಪಂಕ್ತಿಯ ಎದುರು 4 ಪ್ಲಸ್, 4 ಮೈನಸ್. ಹಳೆಯ ಲೆಕ್ಕದಲ್ಲಿ ‘ಅ’ನಿಗೆ 1.6, ‘ಆ’ನಿಗೆ ಸೊನ್ನೆ. ಹೊಸದರಲ್ಲಿ ‘ಅ’ನಿಗೆ 2.4ರಲ್ಲಿ 2 ಕಳೆದು 0.4, ‘ಆ’ನಿಗೆ 4ರಲ್ಲಿ 1.6 ಕಳೆದು 2.4. ಯಾರು ಮೇಲೆ ಎಂಬುದೇ ತಲೆಕೆಳಗಾಯಿತು. ಸ್ಟಾರ್ಟರ್‌ಗಳ ಜತೆ ಸಮಸಮ ಕಾದಾಡಿದವನು ಮುಂದೆ ಬರಬೇಕಾದದ್ದೇ. ಒಟ್ಟು ಅಂಕವನ್ನು ಸ್ನ್ಯಾಪ್‌ಗಳಿಂದ ಭಾಗಿಸಿದ ಮೇಲೆಯೇ ಹೋಲಿಕೆ. 12ಕ್ಕಿಂತ ಕಡಿಮೆ ಸ್ನ್ಯಾಪ್ ಆಡಿದವರಿಗೆ ಕ್ರಮಾಂಕ ಕೊಡುವುದಿಲ್ಲ.

ಸ್ಕೋರ್‌ಬೋರ್ಡ್‌ಗೆ ಹಾಳೆಯಲ್ಲಿ ಕಾಲಂ ಇಲ್ಲ. ಡೆಟ್ರಾಯಿಟ್ ಲಯನ್ಸ್ 2008ರಲ್ಲಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2017ರಲ್ಲಿ ನಾಲ್ಕಕ್ಕೆ ನಾಲ್ಕೂ ಪ್ರಿಸೀಸನ್ ಪಂದ್ಯ ಗೆದ್ದವು. ಆಮೇಲೆ ಸೀಸನ್‌ನ 16ಕ್ಕೆ 16ನ್ನೂ ಸೋತವು.

ಲೈನ್

ಹೆಚ್ಚು ಹೊತ್ತು ಹಿಡಿಯುವುದೂ ಹೆಚ್ಚು ಹೇಳುವುದೂ ಆಫೆನ್ಸಿವ್ ಲೈನ್, ಅಂದರೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಕಾಯುವ ಐವರ ಮುಂಸಾಲು. ಟಿವಿ ಪ್ರಸಾರದ ಕೋನ ಇದಕ್ಕೆ ಆಗಿಬರದು. ಮೈದಾನದ ತುದಿಯ ಎಂಡ್ ಝೋನ್ ಹಿಂದಿನ ಎತ್ತರದ ಕ್ಯಾಮೆರಾ ಬೇಕು. ಪ್ರತಿ ಸ್ನ್ಯಾಪನ್ನು ಮೂರು ಸಲ ಓಡಿಸಿ: ಎಡ ಟ್ಯಾಕಲ್ ಮತ್ತು ಗಾರ್ಡ್‌ಗೆ ಒಂದು, ಸೆಂಟರ್‌ಗೆ ಒಂದು, ಬಲಗಡೆಯವರಿಗೆ ಒಂದು. ನೋಡಬೇಕಾದದ್ದು: ಮೊದಲ ಎರಡು ಹೆಜ್ಜೆ, ಕೈ ಎದುರಾಳಿಯ ಎದೆಯ ಒಳಗೆ ಬಿತ್ತೋ ಭುಜದ ಹೊರಗೆ ಬಿತ್ತೋ, ತಳ್ಳಿಸಿಕೊಂಡ ಮೇಲೆ ಸೊಂಟ ಇಳಿಸಿ ನಿಂತನೋ ಇಲ್ಲವೋ. ಬಾಲ್ ಎಲ್ಲಿ ಹೋಯಿತು ಎಂಬುದನ್ನು ಕೊನೆಗೆ ನೋಡಿ, ಇಲ್ಲವೇ ನೋಡಲೇಬೇಡಿ.

ಪ್ರಿಸೀಸನ್ ಇಲ್ಲಿ ಒಂದು ಮೋಸ ಮಾಡುತ್ತದೆ. ರಕ್ಷಣಾ ಕೋಚ್‌ಗಳು ಆಗಸ್ಟ್‌ನಲ್ಲಿ ತಮ್ಮ ಬ್ಲಿಟ್ಝ್ (ಹೆಚ್ಚುವರಿ ಜನ ನುಗ್ಗುವುದು) ಮತ್ತು ಸ್ಟಂಟ್‌ಗಳನ್ನು (ನುಗ್ಗುವವರು ದಾರಿ ಅದಲುಬದಲು ಮಾಡುವುದು) ಮುಚ್ಚಿಟ್ಟುಕೊಳ್ಳುತ್ತಾರೆ. ನಾಲ್ಕು ಜನ ನೇರ ನುಗ್ಗುವಾಗ ಯಾವ ಗಾರ್ಡ್ ಆದರೂ ಚೊಕ್ಕವಾಗಿ ಕಾಣುತ್ತಾನೆ. ಡಿಫೆನ್ಸಿವ್ ಟ್ಯಾಕಲ್ ಹೊರಕ್ಕೆ, ಡಿಫೆನ್ಸಿವ್ ಎಂಡ್ ಅವನ ಹಿಂದಿನಿಂದ ಒಳಕ್ಕೆ ಸುತ್ತಿ ಬಂದಾಗ, ಗಾರ್ಡ್ ಮತ್ತು ಟ್ಯಾಕಲ್ ತಮ್ಮ ತಮ್ಮವರನ್ನು ಬದಲಾಯಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ. ಅಂಥ ಸ್ನ್ಯಾಪ್‌ಗಳಿಗೆ ಈಗ ಬೇರೆ ಕಾಲಂ. ಅಲ್ಲಿ ನಾಲ್ಕೇ ನಮೂದು ಇದ್ದರೂ ನೇರ ನುಗ್ಗಾಟದ 20ಕ್ಕಿಂತ ಅದನ್ನೇ ಮೊದಲು ಓದುತ್ತೇವೆ. ಒಂದು ಎಚ್ಚರಿಕೆ: ಇಲ್ಲಿನ ತಪ್ಪು ಬಹುಪಾಲು ಜೋಡಿಯದ್ದು. ಜತೆಗೆ ಅಭ್ಯಾಸವಿಲ್ಲದ ಇಬ್ಬರನ್ನು ನಿಲ್ಲಿಸಿದರೆ ಒಳ್ಳೆಯವನೂ ಎಡವುತ್ತಾನೆ. ಪಕ್ಕದಲ್ಲಿ ಯಾರಿದ್ದರು ಎಂದು ಬರೆದಿಡಿ.

ಕ್ವಾರ್ಟರ್‌ಬ್ಯಾಕ್

ಪೂರ್ಣಗೊಂಡ ಪಾಸ್‌ಗಳ ಶೇಕಡಾವಾರು ಬೇಡ. ಸ್ನ್ಯಾಪ್‌ನಿಂದ ಬಾಲ್ ಕೈಬಿಡುವ ತನಕ ಸ್ಟಾಪ್‌ವಾಚ್ ಹಿಡಿಯಿರಿ. 2.5 ಸೆಕೆಂಡ್‌ನೊಳಗೆ ಸ್ಯಾಕ್ ಆದರೆ (ಎಸೆಯುವ ಮೊದಲೇ ಅವನನ್ನು ಕೆಡವಿದರೆ) ಲೈನ್‌ಗೆ ಮೈನಸ್, 3 ಸೆಕೆಂಡ್ ದಾಟಿದ ಮೇಲೆ ಆದರೆ ಕ್ವಾರ್ಟರ್‌ಬ್ಯಾಕ್‌ಗೆ, ನಡುವಿನದ್ದಕ್ಕೆ ಪ್ರಶ್ನಾರ್ಥಕ. ರಿಸೀವರ್‌ನ ಕೈಗೆ ಬಡಿದು ಎದುರಾಳಿಯ ಪಾಲಾದ (ಇಂಟರ್‌ಸೆಪ್ಟ್) ಒಳ್ಳೆಯ ಎಸೆತಕ್ಕೆ ಪ್ಲಸ್ಸೇ. ಮತ್ತೊಂದು ಹೊಸ ಕಾಲಂ: ಲೈನ್‌ಗೆ ಬಂದು ನಿಂತಾಗ 40 ಸೆಕೆಂಡ್‌ಗಳ ಪ್ಲೇ ಕ್ಲಾಕ್‌ನಲ್ಲಿ (ಮುಂದಿನ ಸ್ನ್ಯಾಪ್‌ಗೆ ಸಿಗುವ ಸಮಯ) ಎಷ್ಟು ಉಳಿದಿತ್ತು. ಎಂಟಕ್ಕಿಂತ ಕಡಿಮೆ ಉಳಿಸಿಕೊಳ್ಳುವವನಿಗೆ ರಕ್ಷಣೆಯನ್ನು ಓದಿ ಪ್ರೊಟೆಕ್ಷನ್ (ಲೈನ್‌ನ ಕಾವಲಿನ ವ್ಯವಸ್ಥೆ) ಬದಲಿಸಲು ಪುರುಸೊತ್ತೇ ಇರುವುದಿಲ್ಲ. ಬದಲಿ ಕ್ವಾರ್ಟರ್‌ಬ್ಯಾಕ್‌ಗಳ ನಡುವಿನ ಅಂತರ ಎಸೆತಕ್ಕಿಂತ ಇಲ್ಲಿಯೇ ಸ್ಪಷ್ಟವಾಗಿ ಕಂಡಿತು.

ರಿಸೀವರ್, ಕಾರ್ನರ್‌ಬ್ಯಾಕ್

ಎರಡಕ್ಕೂ ಒಂದೇ ಕ್ಷಣ: ಓಟದ ದಿಕ್ಕು ಬದಲಾಗುವ ಜಾಗದಲ್ಲಿ ವಿಡಿಯೊ ನಿಲ್ಲಿಸಿ, ಇಬ್ಬರ ನಡುವಿನ ಅಂತರ ನೋಡಿ. ಕೈಗೆಟುಕುವಷ್ಟಿದ್ದರೆ ಕಾರ್ನರ್‌ಗೆ ಪ್ಲಸ್, ಒಂದೆರಡು ಯಾರ್ಡ್ ಇದ್ದರೆ 0, ಅದಕ್ಕೂ ಹೆಚ್ಚಾದರೆ ರಿಸೀವರ್‌ಗೆ ಪ್ಲಸ್. ಬಾಲ್ ಅವರ ಕಡೆ ಬರದಿದ್ದರೂ ಅಂಕ ಹಾಕಬೇಕು. ಕ್ಯಾಚ್‌ಗಳನ್ನಷ್ಟೇ ಎಣಿಸುವವರು ಪ್ರತಿ ಆಗಸ್ಟ್‌ನಲ್ಲೂ ವಿಕ್ಟರ್ ಕ್ರೂಝ್ ಹೆಸರು ತೆಗೆಯುತ್ತಾರೆ. 2010ರಲ್ಲಿ ಜೈಂಟ್ಸ್ ಪರವಾಗಿ ಜೆಟ್ಸ್ ಎದುರಿನ ಪ್ರಿಸೀಸನ್ ಪಂದ್ಯದಲ್ಲಿ 6 ಕ್ಯಾಚ್, 145 ಯಾರ್ಡ್, 3 ಟಚ್‌ಡೌನ್. ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. ನಿಜ. ಆದರೆ ಆ ಸೀಸನ್‌ನಲ್ಲಿ ಅವನ ಹೆಸರಿಗೆ ಒಂದೂ ಕ್ಯಾಚ್ ಇಲ್ಲ. 1,536 ಯಾರ್ಡ್ ಬಂದದ್ದು 2011ರಲ್ಲಿ.

ಸ್ಪೆಷಲ್ ಟೀಮ್ಸ್

ತಂಡದ ಪಟ್ಟಿಯನ್ನು 90 ಜನರಿಂದ 53ಕ್ಕೆ ಇಳಿಸುವುದು 2023ರಿಂದ ಒಂದೇ ಗಡುವಿನಲ್ಲಿ. ಪಟ್ಟಿಯ ಕೊನೆಯ ಐದಾರು ಜಾಗಗಳನ್ನು ನಿರ್ಧರಿಸುವುದು ಕಿಕ್‌ಆಫ್ (ಆಟ ಶುರು ಮಾಡುವ ಒದೆತ), ಕಿಕ್‌ಆಫ್ ರಿಟರ್ನ್ (ಅದನ್ನು ಹಿಡಿದು ಮರಳಿ ಓಡುವುದು), ಪಂಟ್, ಪಂಟ್ ರಿಟರ್ನ್ ಎಂಬ ನಾಲ್ಕು ಘಟಕಗಳು. ಐದನೇ ರಿಸೀವರ್ ಈ ನಾಲ್ಕರಲ್ಲಿ ಒಂದರಲ್ಲೂ ಇಳಿದಿಲ್ಲವೆಂದರೆ ಅವನ ಕ್ಯಾಚ್‌ಗಳಿಗೆ ಅರ್ಧ ಬೆಲೆ.

ಕಿಕ್‌ಆಫ್ ಕಾಲಂ ಪೂರ್ತಿ ಅಳಿಸಿ ಹೊಸದಾಗಿ ಬರೆಯಬೇಕಾಯಿತು. 2024ರ ನಿಯಮದಿಂದ ಒದೆಯುವ ತಂಡದ ಕವರೇಜ್‌ನ (ರಿಟರ್ನ್ ತಡೆಯುವವರ) ಹತ್ತು ಜನ ಎದುರಾಳಿಯ 40 ಯಾರ್ಡ್ ಗೆರೆಯಲ್ಲಿ ನಿಲ್ಲುತ್ತಾರೆ, ರಿಟರ್ನ್ ತಂಡದ ಕನಿಷ್ಠ 9 ಜನ 30–35ರ ನಡುವೆ. ಬಾಲ್ ನೆಲ ಮುಟ್ಟುವ ಅಥವಾ ಆಟಗಾರನನ್ನು ತಾಗುವ ತನಕ ಇವರಾರೂ ಕದಲುವಂತಿಲ್ಲ. ಉದ್ದ ಓಡಿ ಬಂದು ಗುದ್ದುವ ಕಾಲ ಹೋಯಿತು, ಹಾಗಾಗಿ ‘ಮೊದಲು ತಲುಪಿದವನು’ ಎಂಬ ಹಳೆಯ ಅಳತೆ ನಿರರ್ಥಕ. ಈಗ ನೋಡುವುದು ಎರಡೇ: ನಿಂತಲ್ಲಿಂದ ಹೊರಟ ಮೊದಲ ಹೆಜ್ಜೆ, ಹಿಡಿದವನನ್ನು ಬಿಡಿಸಿಕೊಂಡ ವೇಗ. 2025ರಿಂದ ಎಂಡ್ ಝೋನ್‌ಗೆ ನೇರ ಬಿದ್ದ ಕಿಕ್‌ನ ಟಚ್‌ಬ್ಯಾಕ್ (ರಿಟರ್ನ್ ಇಲ್ಲದೆ ಬಾಲ್ ಸಿಗುವ ಜಾಗ) 35ಕ್ಕೆ ಬಂದು, ಹಾಗೆ ಒದೆಯುವುದು ನಷ್ಟವಾಗಿರುವುದರಿಂದ ರಿಟರ್ನ್‌ಗಳು ಸಾಕಷ್ಟು ಸಿಗುತ್ತವೆ, ನಮೂದಿಗೆ ಬರವಿಲ್ಲ.

ಎರಡನೇ ಪಂದ್ಯದ ಮೊದಲು ಬಾಕಿ

ವೇವರ್ಸ್ ಕಾಲಂ ಸೇರಿಸಬೇಕು. ನಾಲ್ಕು ಅಕ್ರೂಡ್ ಸೀಸನ್ (ಅನುಭವದ ಲೆಕ್ಕಕ್ಕೆ ಬರುವ ಸೀಸನ್) ಆಗದವನನ್ನು ಕೈಬಿಟ್ಟರೆ ಅವನು ವೇವರ್ಸ್ ಮೂಲಕವೇ ಹೋಗಬೇಕು, ಉಳಿದ 31 ತಂಡಗಳಲ್ಲಿ ಯಾವುದಾದರೂ ಎತ್ತಿಕೊಳ್ಳಬಹುದು. ಯಾರೂ ಕೇಳದಿದ್ದರೆ ಮಾತ್ರ ಮುಖ್ಯ ಪಟ್ಟಿಯ ಹೊರಗೆ ಅಭ್ಯಾಸಕ್ಕೆ ಇಟ್ಟುಕೊಳ್ಳುವ 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಮರಳಿ ಸಿಗುತ್ತಾನೆ. ಅಂಕ ಸಮನಾಗಿರುವ ಇಬ್ಬರಲ್ಲಿ ಬೇರೆಯವರು ಕೊಂಡೊಯ್ಯುವ ಸಾಧ್ಯತೆ ಇರುವವನನ್ನು ಮೇಲಿಡಲು ಈ ಕಾಲಂ.

ಸೇಫ್ಟಿಗಳ ಹಾಳೆ ಅರ್ಧ ಖಾಲಿ. ಪ್ರಸಾರದ ಚೌಕಟ್ಟಿನಲ್ಲಿ ಅವರು ಸಿಗುವುದೇ ಇಲ್ಲ. 22 ಜನರೂ ಕಾಣುವ ವಿಡಿಯೊ ಹಿಡಿದು ಮತ್ತೆ ಕೂರಬೇಕು. ಮೊದಲ ಪಂದ್ಯದ 30 ಸ್ನ್ಯಾಪ್‌ಗಳನ್ನು ಹಳೆಯ ಅಂಕ ಮುಚ್ಚಿಟ್ಟು ಇನ್ನೊಮ್ಮೆ ಅಳೆಯುವುದೂ ಇದೆ. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ನಮೂದು ಬದಲಾದರೆ 0 ಮತ್ತು +1ರ ನಡುವಿನ ಗೆರೆಯನ್ನು ಮತ್ತೆ ಬರೆಯಬೇಕಾಗುತ್ತದೆ.