ಬನಾರಸ್‌ನ ಆ ಉಪನ್ಯಾಸ

ವಕೀಲರು ಹಳೆಯ ತೀರ್ಪು ಹುಡುಕುವುದು ಕಕ್ಷಿದಾರರಿಗಾಗಿ. ಮುಂದಿನ ವಾಯಿದೆಯೊಳಗೆ ಉತ್ತರ ಸಿಗಬೇಕು. ಕಾನೂನು ಮೇಷ್ಟ್ರಿಗೆ ಆ ಅವಸರ ಇಲ್ಲ, ಕೋರ್ಟಿಗೆ ಇನ್ನೂ ಬಾರದ ಪ್ರಶ್ನೆಯನ್ನೂ ಕೇಳಬಹುದು. ಇಂಥ ಸಂಶೋಧನೆ ಸುಮ್ನೆ ಪದವಿಗಾಗಿ ಅಂತ ಯಾರಾದರೂ ಅಂದಾಗ ನನಗೆ ನೆನಪಾಗುವುದು ಜರ್ಮನಿಯ ಕಾನೂನು ಮೇಷ್ಟ್ರು ಡೀಟ್ರಿಚ್ ಕಾನ್ರಾಡ್.

1965ರಲ್ಲಿ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. ಅವರ ಪ್ರಶ್ನೆ: ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯೇ ಇಲ್ಲವೇ? ಬಹುಮತ ಇದ್ದರೆ ಬದುಕುವ ಹಕ್ಕು ಕೊಡುವ 21ನೇ ವಿಧಿಯನ್ನೇ ತೆಗೆಯಬಹುದೇ? ಮೊಘಲ್ ಬಾದಶಹನ ಆಳ್ವಿಕೆಯನ್ನು ವಾಪಸ್ ತರಬಹುದೇ? ಆಗ ಇದು ಬರೀ ಪಾಠದ ಕೋಣೆಯ ಪ್ರಶ್ನೆ, ಅಲ್ವಾ?

ವಕೀಲ ಎಂ.ಕೆ. ನಂಬಿಯಾರ್ ಅದನ್ನು, ಸಂಸತ್ತು ಮೂಲಭೂತ ಹಕ್ಕುಗಳನ್ನು ತಿದ್ದಬಹುದೇ ಎಂಬ ಗೋಲಕ್‌ನಾಥ್ ಕೇಸಿನ ವಾದಕ್ಕೆ ತಂದರು. 1967ರಲ್ಲಿ ಸುಪ್ರೀಂ ಕೋರ್ಟ್ ಕಾನ್ರಾಡ್ ಅವರ ಈ ವಿಚಾರದ ಬಗ್ಗೆ ಏನೂ ತೀರ್ಮಾನಿಸಲಿಲ್ಲ. ಆದರೆ ವಿಚಾರ ಉಳಿಯಿತು. 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಕೇಸು. 13 ನ್ಯಾಯಮೂರ್ತಿಗಳಲ್ಲಿ 7 ಜನ, ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದು ನಿಂತಿರುವ ಮುಖ್ಯ ತತ್ವಗಳನ್ನು, ಸಂಸತ್ತು ಕೆಡಿಸುವಂತಿಲ್ಲ ಎಂದರು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡ್ ಅವರನ್ನೇ ಉಲ್ಲೇಖಿಸಿದ್ದಾರೆ. ಲಾ ಓದುವವರು ಆ ಪುಟವನ್ನು ಖಂಡಿತ ಓದಬೇಕು.